ಬೆಟ್ಟದ ಮೀನು

ಹನ್ನೊಂದು ಊಟದ ಬಾಕಿಗೆ ದೇಸರಾಜ
ಒಂದು ಪೆಟ್ಟಿಗೆ ಇಳಿಸಿ ಹೋದ.
ಹಿಮಾಚಲದ ಹಣ್ಣು ಗೋವಾಕ್ಕೆ ಹಾಕಿ
ವಾಪಸು ಬಾಡಿಗೆಗೆಂದು ಬಂದರಿನಲ್ಲಿ ಆರು ದಿನ ಕಾದವನು.
ಅವನಿಗೆ ಕನ್ನಡ ಬಾರದು, ನನ್ನ ಹಿಂದಿ ಅಷ್ಟಕ್ಕಷ್ಟೆ.
'ನಾಶಪಾತಿ' ಅಂದ.
ನನಗೆ 'ನಾಶ' ಮಾತ್ರ ಕೇಳಿಸಿತು.

ಬೈತಖೋಲದಲ್ಲಿ ದೋಣಿಗಳೆಲ್ಲ ದಡಕ್ಕೇರಿ
ತಾಡಪಾಲು ಹೊದ್ದು ಕೂತಿದ್ದವು,
ಸರಕಾರ ಕೊಟ್ಟ ಎರಡು ತಿಂಗಳ ರಜೆಯಲ್ಲಿ.
ಹೊರಗೆ ಬೋರ್ಡಿನ ಮೇಲೆ 'ಮೀನೂಟ ಸಿಗುತ್ತದೆ',
ಒಳಗೆ ಒಣ ಸೀಗಡಿ.
ನಿನ್ನೆಯೂ ಒಣ ಸೀಗಡಿ.

ಅತ್ತೆ ಮೂಸಿ ನೋಡಿ 'ಪೇರ' ಅಂದಳು.
ಪೇರ ಅಲ್ಲ ಮಾಯಿ, ಪೇರ್.
'ಅದನ್ನೇ ಅಲ್ಲವಾ ನಾನು ಹೇಳಿದ್ದು!'
ನಮ್ಮ ಪೇರಳೆಯ ತುಂಬ ಬೀಜ, ಹಲ್ಲಿಗೆ ಕಟಕಟ;
ಇದರ ಹೊಟ್ಟೆಯಲ್ಲಿ ಹುಡುಕಿದರೂ ಏಳೆಂಟೇ ಕಪ್ಪು ಕಾಳು,
ಮತ್ತೆ ತಿರುಳಿನಲ್ಲಿ ಸಣ್ಣಗೆ ಮರಳು,
ಸರಿಯಾಗಿ ತೊಳೆಯದ ತಿಸ್ರೆಯ ಹಾಗೆ.
ಆ ಮರಳು ನಾಲಿಗೆಗೆ ತಾಗಿದಾಗಲೇ
ನನಗೆ ಧೈರ್ಯ ಬಂದದ್ದು.

ಮೆತ್ತಗಾದವನ್ನು ಮೊದಲ ದಿನ ಸಾಸಮ್‌ಗೆ ಕೊಟ್ಟೆ:
ಕಾಯಿತುರಿ, ಕೆಂಪು ಮೆಣಸು, ಬೆಲ್ಲ,
ಸಾಸಿವೆ ಕೊನೆಗೆ ಹಾಕಿ ಎರಡೇ ಸುತ್ತು.
ಹೆಚ್ಚಿಟ್ಟದ್ದು ಕಪ್ಪಾಗುತ್ತಾ ಬಂತು,
ಉಪ್ಪುನೀರಿಗೆ ಹಾಕಿದೆ, ಸುಮ್ಮನಾಯಿತು.

ಗಟ್ಟಿಯವನ್ನು ಏನು ಮಾಡಲಿ?
ಬಂಗಡೆಗೆ ಅರೆಯುವ ಹಾಗೆಯೇ ಅರೆದೆ.
ಅರಿಶಿನ, ಕೊತ್ತಂಬರಿ, ನಾಲ್ಕು ಆಮಸೋಲು,
ತೆಪ್ಪಲ ಜಜ್ಜಿ ಮೇಲಿಂದ,
ಒಗ್ಗರಣೆಯಿಲ್ಲ, ತೆಂಗಿನೆಣ್ಣೆ ಒಂದು ಚಮಚ ಹಸಿಯಾಗಿಯೇ.
ತುಂಡು ಮಾತ್ರ ಉದ್ದಕ್ಕೆ ಸೀಳಿದೆ, ಬೆನ್ನು-ಹೊಟ್ಟೆ ಇದ್ದ ಹಾಗೆ.

ಬುಧವಂತ ಹರಿಕಂತ್ರ ಬಲೆ ಹೊಲಿದು ಕೈ ತೊಳೆದು ಬಂದ,
ಅನ್ನಕ್ಕೆ ಗುಳಿ ಮಾಡಿ ಹುಮಣ ಸುರಿಸಿಕೊಂಡ.
ಮಾತಿಲ್ಲ.
ಅವನ ಬೆರಳು ತಾನಾಗಿ ತುಂಡು ಬಿಡಿಸಿ
ಮುಳ್ಳು ಹುಡುಕುತ್ತಿತ್ತು.
ಈ ಕಡೆ ಹುಡುಕಿತು, ತಿರುಗಿಸಿ ಆ ಕಡೆ ಹುಡುಕಿತು.
'ಎಂಥ ಮೀನು ಮಾರಾಯ್ತಿ ಇದು?'
ಬೆಟ್ಟದ್ದು, ಅಂದೆ.
'ಸಿಹಿ ಉಂಟಲ್ಲ!'
ಬೆಟ್ಟದಲ್ಲಿ ಉಪ್ಪುನೀರು ಎಲ್ಲಿಂದ ಬರಬೇಕು?
ನಕ್ಕ. ರೋಜಾರ್ ಮಾತ್ರ ನಗಲಿಲ್ಲ,
ಮೋಸ ಮೋಸವೇ ಅಂದ,
ಅನ್ನ ಎರಡನೇ ಸಲ ಹಾಕಿಸಿಕೊಂಡ.

ಅಂಚೆ ಕಚೇರಿಯ ವನಮಾಲಾ ಹೆಗಡೆ ಸಿರ್ಸಿಯವರು,
ಇದಕ್ಕೆ ಮೆಣಸ್ಕಾಯಿಯೇ ಸೈ ಅಂತ ಹಟ ಹಿಡಿದು
ಎಳ್ಳು ತಾವೇ ಹುರಿದರು ನನ್ನ ಒಲೆಯ ಮೇಲೆ.
ಬಾಟಲಿಯಲ್ಲಿ ಜೋನಿಬೆಲ್ಲ ತಂದಿದ್ದರು,
ಬೂಚು ತೆಗೆಯಲು ಬಾರದೆ ಅರ್ಧ ಸೀರೆಗೇ ಆಯಿತು.
ಇರುವೆ ಇವತ್ತಿಗೂ ಆ ಬೆಂಚು ಬಿಟ್ಟಿಲ್ಲ.

ರಾತ್ರಿ ಲೆಕ್ಕದ ವಹಿ ತೆಗೆದೆ.
'ದೇಸರಾಜ, ಊಟ ೧೧', ಗೀಟು ಹಾಕಿದೆ.
ಹಾಕಿದ ಮೇಲೆ ನೆನಪಾಯಿತು:
ಅವನು ಮೀನು ಮುಟ್ಟದವನು.
ಹನ್ನೊಂದು ಸಲವೂ ತೊವ್ವೆ-ಅನ್ನ, ಮಿಡಿ ಉಪ್ಪಿನಕಾಯಿ,
ಬಾಗಿಲ ಹತ್ತಿರದ ಮೇಜು, ಗಾಳಿ ಬರುವಲ್ಲಿ,
ಒಳಗಿನ ವಾಸನೆ ತಾಗದಲ್ಲಿ.
ಆರು ದಿನ ನನ್ನ ಕೈಯ ಊಟ ಉಂಡವನಿಗೆ
ನನ್ನ ಕೈಯ ರುಚಿಯೇ ಗೊತ್ತಿಲ್ಲ.
ಅವನಿಗೆ ಬಡಿಸಬಹುದಾಗಿದ್ದ ಒಂದೇ ಹುಮಣ
ಅವನು ಹೋದ ಮೇಲೆ ಕುದಿಯಿತು.

ದೋಣಿ ಇಳಿಯಲು ಇನ್ನು ಒಂಬತ್ತು ದಿನ.
ಒಂದು ಹಣ್ಣು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದೇನೆ.
ಅತ್ತೆ ಕೇಳಿದರೆ ಶಿರಾಕ್ಕೆ ಅನ್ನುತ್ತೇನೆ.
ಬೆಳಿಗ್ಗೆ ಅಕ್ಕಿ ಅಳೆಯುವಾಗ ತೊಟ್ಟಿನ ಹತ್ತಿರ ಒತ್ತಿ ನೋಡುತ್ತೇನೆ.
ಹೆಬ್ಬೆರಳು ಒಳಗೆ ಹೋಗುತ್ತಿದೆ,
ದಿನಕ್ಕೆ ಇಷ್ಟಿಷ್ಟು.