ಕೈಬಿಗಿ

ಸಿಗ್ನಲ್ಲಿನಲ್ಲಿ ನನ್ನ ಕಾರು ಉಸಿರು ಬಿಟ್ಟಂತೆ ನಿಲ್ಲುತ್ತದೆ.
ಹೈಬ್ರಿಡ್ಡು ಹಾಗೆಯೇ, ಎಂದಿದ್ದರು ಮಾರಿದ ಡಾಕ್ಟರು,
ಬೇಕಾದಾಗ ತಾನೇ ಏಳುತ್ತದೆ, ನೀವೇನೂ ಮಾಡಬೇಡಿ.
ಏಳುತ್ತಿತ್ತು.
ಮೊದಮೊದಲು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟು ಮೆಲ್ಲಗೆ,
ಈಚೆಗೆ, ಧಡ್!
ಸೀಟಿನಡಿ ಯಾರೋ ಮೊಣಕಾಲು ಕೊಟ್ಟ ಹಾಗೆ.
ಅಗ್ರಹಾರದ ಸರ್ಕಲ್ಲಿನಲ್ಲಿ ಧಡ್,
ನಂಜುಮಳಿಗೆಯಲ್ಲಿ ಧಡ್.
ತೊಡೆಯ ಮೇಲಿನ ಸಾರಿನ ಡಬ್ಬಿ ಅಪ್ಪಿಕೊಂಡು
ನಾದಿನಿ ದೊಡ್ಡತಾಯಿ ಹಿಂದಿನಿಂದ ಅಂದಳು:
"ಅತ್ತಿಗೆ, ಇದನ್ನ ತೂಕಕ್ಕೆ ಹಾಕಿಬಿಡಿ."

ಮಂಡಿ ಮೊಹಲ್ಲಾದ ಓಣಿಯಲ್ಲಿ ಮುನವ್ವರನ ಗ್ಯಾರೇಜು.
ಬಾನೆಟ್ಟು ಎತ್ತಿದ, ಹುಡುಗನನ್ನು ಒಳಗೆ ಕೂರಿಸಿದ,
ಎಂಜಿನ್ ಎದ್ದ ಗಳಿಗೆಯಲ್ಲಿ ಅದು ಕುಪ್ಪಳಿಸಿದ್ದನ್ನು ತೋರಿಸಿದ.
"ಎಂಜಿನ್ ಗಟ್ಟಿಯಾಗಿದೆ ಮೇಡಂ. ಕೂತಿರೋ ಜಾಗ ಹೋಗಿದೆ."
ಎರಡು ಸಲ ಹೇಳಬೇಕಾಯಿತು, ನನ್ನ ಬಲಗಡೆ ಬಂದು.

ಎಡಗಿವಿ ಇಲ್ಲ ನನಗೆ. ಕಿವಿ ಇದೆ, ಓಲೆಯೂ ಇದೆ,
ಒಳಗಿನದ್ದನ್ನು ರೇಷ್ಮೆ ನೇಯುವ ಕಾರ್ಖಾನೆಗೆ ಕೊಟ್ಟು ಬಂದೆ,
ಇಪ್ಪತ್ತೊಂಬತ್ತು ವರ್ಷ, ಸಾಲು ಮಗ್ಗಗಳ ನಡುವೆ.
ಬಲಗಿವಿಯೂ ಅರ್ಧ ಅಲ್ಲೇ.
ಅಲ್ಲಿ ಯಾರೂ ಕಿವಿಯಿಂದ ಕೇಳುತ್ತಿರಲಿಲ್ಲ.
ನೆಲಕ್ಕೆ ಪಾದ ಊರಿದರೆ ಸಾಕು,
ಏಳರಲ್ಲಿ ಲಾಳಿ ಸಿಕ್ಕಿಕೊಂಡಿದೆ,
ಹನ್ನೊಂದರ ಬೆಲ್ಟು ಸಡಿಲ,
ಹಿಮ್ಮಡಿ ಹೇಳುತ್ತಿತ್ತು.

ಕಿತ್ತಳೆ ಬಣ್ಣದ ದಪ್ಪ ವೈರುಗಳಿಂದ ಹುಡುಗನನ್ನು ಆಚೆ ತಳ್ಳಿ
ಮುನವ್ವರ ಹಿಂದಿನ ಬ್ಯಾಟರಿಯ ಪ್ಲಗ್ಗು ಕಿತ್ತು ಜೇಬಿಗೆ ಹಾಕಿಕೊಂಡ,
ಹತ್ತು ನಿಮಿಷ ಯಾರೂ ಮುಟ್ಟಬಾರದು ಎಂದು ಟೀ ತರಿಸಿದ.
ಆಮೇಲೆ ಜಾಕು. ಜಾಕಿನ ಮೇಲೊಂದು ಬೀಟೆಮರದ ತುಂಡು,
ಸೀಳು ಬಿಟ್ಟಿದೆಯೆಂದು ಪಕ್ಕದ ಇನ್ಲೇ ಕೆಲಸದವರು ಬಿಸಾಕಿದ್ದು.
ಆನೆ ನವಿಲುಗಳ ಹಿಂದೆ ಆಕಾಶವಾಗಬೇಕಿದ್ದ ಮರ
ಒಂದು ಎಂಜಿನ್ನಿನ ಹೊಟ್ಟೆ ಹೊತ್ತು ನಿಂತಿತು.

ಮೂರು ಮೌಂಟು.
ಬಲಗಡೆಯದು, ಒಳಗೆ ಎಣ್ಣೆಯಿದ್ದದ್ದು,
ಎಲ್ಲ ಕಾರಿಕೊಂಡು ಹಳೇ ಹುಣಸೆಯ ಉಂಡೆಯಾಗಿತ್ತು.
ಗೇರಿನ ಕಡೆಯದು ಹರಿದು, ಕಬ್ಬಿಣಕ್ಕೆ ಕಬ್ಬಿಣವೇ ಬಡಿದು ಹೊಳೆಯುತ್ತಿತ್ತು.
ಕೆಳಗಿನದು ಪರವಾಗಿಲ್ಲ ಅನಿಸಿತು.
"ಅದೊಂದನ್ನ ಬಿಡೋಣ್ವಾ?" ಅಂದೆ. ಪಿಂಚಣಿಯ ಕೈ ಬಿಗಿ.
"ಎರಡು ಹೊಸಬರ ಮಧ್ಯೆ ಒಬ್ಬ ಹಳಬ ಇದ್ರೆ
ಒದೆಯೆಲ್ಲಾ ಅವನಿಗೇ ಮೇಡಂ."
ಕಾರ್ಖಾನೆಯಲ್ಲಿ ನನ್ನ ಕೊನೆಯ ವರ್ಷ ನೆನಪಾಯಿತು.
ಸರಿ, ಮೂರೂ ಹಾಕು ಅಂದೆ.

ಹೊಸವು ಕೂತವು. ಚೆಲುವರಾಜು ಉದ್ದ ಪಾನಾ ಹಿಡಿದು
ಮೈಯೆಲ್ಲ ತೂಗಿ ಬಿಗಿಯಹೊರಟ.
"ಏಯ್, ಕೈಬಿಗಿ ಸಾಕು ಈಗ!
ಎಂಜಿನ್ ಎದ್ದು ನಾಲ್ಕು ಸಲ ಅಲ್ಲಾಡಲಿ,
ತನ್ನ ಜಾಗ ತಾನು ನೋಡ್ಕೊಳ್ಳಲಿ,
ಬಿಗಿಯೋದು ಆಮೇಲೆ."
ಹತ್ತೊಂಬತ್ತರ ನನ್ನನ್ನು ಮೂರನೇ ಮಗ್ಗಕ್ಕೆ ನಿಲ್ಲಿಸಿದ ದಿನ
ಸೂಪರ್‌ವೈಸರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಪ್ಲಗ್ಗು ಜೇಬಿನಿಂದ ತನ್ನ ಗೂಡಿಗೆ ಹೋಯಿತು.
ಎಂಜಿನ್ ಎದ್ದಿತು, ಅಲ್ಲಾಡಿತು, ಕೂತಿತು. ಬಿಗಿದರು.
ಹಳೆಯ ಮೂರನ್ನೂ ಪೇಪರಿನಲ್ಲಿ ಸುತ್ತಿ ಕೊಟ್ಟ,
ಕೆಳಗಿನದೊಂದನ್ನೇ ಇಟ್ಟುಕೊಂಡೆ, ಬಾಗಿಲಿಗಾಗುತ್ತದೆ.

ಸಂಜೆ. ಅಗ್ರಹಾರದ ಸರ್ಕಲ್ಲು. ಕೆಂಪು.
ಕಾರು ಉಸಿರು ಬಿಟ್ಟಿತು.
ಹಸಿರು. ಬೆನ್ನನ್ನು ಸೀಟಿಗೊತ್ತಿ ಕಾದೆ.
ಏನೂ ಇಲ್ಲ.
ಎದ್ದಿದೆಯೋ? ಇನ್ನೂ ಮಲಗಿದೆಯೋ?
ಕನ್ನಡಿಯಲ್ಲಿ ಆಟೋದವನ ಬಾಯಿ ತೆರೆದು ಮುಚ್ಚುತ್ತಿತ್ತು.
ಅಷ್ಟು ದಿನ ನಾನು ಶಪಿಸುತ್ತಿದ್ದ ಗುದ್ದು
ನನಗೆ ಒಂದು ಮಾತು ಹೇಳುತ್ತಿತ್ತು;
ಎರಡೂವರೆ ಗಂಟೆ ಕೂಲಿ ಕೊಟ್ಟು ಅದರ ಬಾಯಿ ಮುಚ್ಚಿಸಿದ್ದೆ.
ಹೇಗೋ ಪೆಡಲು ಒತ್ತಿದೆ. ಹೊರಟಿತು.

ನಂಜುಮಳಿಗೆಯಲ್ಲಿ ಮತ್ತೆ ಕೆಂಪು.
ಎಡಗಾಲಿಗೆ ಈ ಕಾರಿನಲ್ಲಿ ಕೆಲಸವಿಲ್ಲ.
ಚಪ್ಪಲಿ ಬಿಚ್ಚಿ, ಮ್ಯಾಟು ಸರಿಸಿ, ಹಿಮ್ಮಡಿ ಊರಿದೆ.
ತಣ್ಣಗಿತ್ತು.
ಆಮೇಲೆ ದೂರದಲ್ಲಿ, ಬಹಳ ದೂರದಲ್ಲಿ,
ಶೆಡ್ಡಿನ ಆ ತುದಿಯ ಮಗ್ಗಕ್ಕೆ
ಯಾರೋ ಸ್ವಿಚ್ಚು ಹಾಕಿದರು.