ಕೊಡುವ ಮುನ್ನ

ಚಿಯಾತುರಾದ ಕಣಿವೆಯ ಮೇಲೆ, ತಂತಿಗೆ ಜೋತುಬಿದ್ದು,
ಮೂರನೇ ಸಲ ನಿಂತಿತ್ತು ತೂಗುಪೆಟ್ಟಿಗೆ.
ಒಳಗೆ ಗಣಿಯ ಪಾಳಿ ಮುಗಿಸಿದ ಏಳು ಜನ,
ಅಕ್ರೋಟಿನ ಚೀಲ ತಬ್ಬಿದ ಒಬ್ಬಾಕೆ;
ಕೆಳಗೆ ಮ್ಯಾಂಗನೀಸು ತೊಳೆದು ಕಪ್ಪಾದ ಕ್ವಿರಿಲಾ ಹೊಳೆ.

ಬ್ರೇಕಿನದೇನೂ ತಪ್ಪಿರಲಿಲ್ಲ.
ಅದನ್ನು ಬಿಡಿಸಿ ಹಿಡಿಯುವ ಅಯಸ್ಕಾಂತಕ್ಕೆ
ನಲವತ್ತೆಂಟು ವೋಲ್ಟು ಬೇಕು,
ಬ್ಯಾಟರಿಯಲ್ಲಿರುವುದು ಹನ್ನೆರಡು.
ಹನ್ನೆರಡನ್ನು ನಲವತ್ತೆಂಟು ಮಾಡುವ ಬೋರ್ಡು
ನಾನು ಕಟ್ಟಿದ್ದು.

ನಾಜಿಬ್ರೋಲಾ ಅದನ್ನು ಮೇಜಿನ ಮೇಲಿಟ್ಟು
ಲೋಡು ಏರಿಸಿದಳು. ಪರದೆಯ ಹಸಿರು ಗೆರೆ
ಕುಸಿಯಿತು, ನೆಗೆಯಿತು, ಮತ್ತೆ ಕುಸಿಯಿತು.
ಸುರುಳಿ ಹಲ್ಲು ಕಚ್ಚಿ ಸಿಳ್ಳೆ ಹಾಕಿತು.
‘ಯಾರು ಕಲಿಸಿದ್ದು ಎಲ್ಗುಜಾ, ನಿನಗೆ ಇಷ್ಟು ಅವಸರ?’

ಲೆಕ್ಕದ ಹಾಳೆ ಚಾಚಿದೆ. ನೋಡಲಿಲ್ಲ.
ಕಾಳು ತುಂಬಿದ ರೊಟ್ಟಿ ಮುರಿಯುತ್ತ ಅಂದಳು:
‘ಸ್ವಿಚ್ಚು ಮುಚ್ಚಿದ್ದಾಗ ಸುರುಳಿ ತಾನು ತುಂಬಿಕೊಳ್ಳುತ್ತೆ,
ಹೊರಗೆ ಒಂದು ಹನಿ ಬಿಡಲ್ಲ.
ತೆರೆದಾಗಷ್ಟೇ ಸುರಿಯುತ್ತೆ.
ನೂರರಲ್ಲಿ ಎಪ್ಪತ್ತೈದು ಪಾಲು ಹೊತ್ತು ಅದರದ್ದೇ ಊಟ.
ಇನ್ನಷ್ಟು ಕೊಡು ಅಂದೆ ಅನ್ನು.
ಕೊಡೋದಕ್ಕೆ ಅದು ಇನ್ನಷ್ಟು ಉಣ್ಣಬೇಕು,
ಇನ್ನಷ್ಟು ಹೊತ್ತು ಹೊರಬಾಗಿಲು ಹಾಕಿರಬೇಕು.
ಹಾಗಾಗಿ ಕೇಳಿದೊಡನೆ, ಮೊದಲು, ಕಮ್ಮಿ ಬರುತ್ತೆ.’

ಆ ಕಮ್ಮಿಯನ್ನು ನನ್ನ ಸರ್ಕ್ಯೂಟು ಕಂಡಿತ್ತು.
ಕಂಡು ಹೆದರಿ ಇನ್ನೂ ಕೇಳಿತ್ತು,
ಅದು ಇನ್ನೂ ಕುಗ್ಗಿತ್ತು;
ಕೊನೆಗೆ ಬಂದಾಗ ಬೇಡವೆನ್ನುವಷ್ಟು ಬಂದಿತ್ತು.
ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ,
ಒಲೆಯದೇನು ತಪ್ಪು?
ಅಟ್ಟ ಮೇಲೂ ಊದುತ್ತಿದ್ದವನು ನಾನು.

ಸಂಜೆವರೆಗೆ ಬೆಸುಗೆ.
ತಿದ್ದುವ ಕಡೆಯ ಕೆಪಾಸಿಟರ್ ಕಿತ್ತು
ಹತ್ತು ಪಟ್ಟು ದೊಡ್ಡದು; ಬೆನ್ನಿಗೊಂದು ರೆಸಿಸ್ಟರು,
ಅವಸರಕ್ಕೆ ತಡೆ, ತಡೆಯಲ್ಲೇ ತುಸು ತಡ.
ಕಾಯುವ ಹೊತ್ತಿನ ಖರ್ಚಿಗಿರಲಿ ಅಂತ
ಹೊರದಾರಿಯಲ್ಲಿ ಹೆಬ್ಬೆರಳ ಗಾತ್ರದ ಎರಡು ನೀಲಿ ಕೊಳವೆ.

ಮತ್ತೆ ಲೋಡು.
ನಲವತ್ತಾರು. ನಲವತ್ತೈದೂವರೆ.
ಇಳಿದ ಗೆರೆಯನ್ನು ಇಳಿಯಲು ಬಿಟ್ಟಿತು ಸರ್ಕ್ಯೂಟು.
ಆಮೇಲೆ, ಸೊಂಟಕ್ಕೆ ಕೈಕೊಟ್ಟು ಏಳುವವರ ಹಾಗೆ,
ಎದ್ದು ನಲವತ್ತೆಂಟಕ್ಕೆ ಬಂದು ಕೂತಿತು ಗೆರೆ.
ಸಿಳ್ಳೆ ಇಲ್ಲ.

ಈಸ್ಟರಿನ ಹೊತ್ತಿಗೆ ಅವಳನ್ನು ಕೇಳಿದ್ದೆ,
ಬೋರ್ಡಿನ ಮೂಲೆಯಲ್ಲಿ ನನ್ನ ಹೆಸರೂ ಅಚ್ಚಾಗಲಿ ಎಂದು.
ಮಾರನೇ ದಿನದಿಂದ ಹಳೆ ಬೋರ್ಡುಗಳ ತವರ ಕೀಳಲು ಹಚ್ಚಿದಳು,
ಆರು ವಾರ.
ನಾನು ಮಾತು ಬಿಟ್ಟಿದ್ದೆ.
ಈಗಲೂ ಅವಳೇನೂ ಹೇಳಲಿಲ್ಲ. ಕನ್ನಡಕ ಒರೆಸಿ,
ಪ್ರೋಬಿನ ವೈರು ಸುತ್ತಿಟ್ಟು, ದೀಪ ಆರಿಸಿದಳು.

ಬೆಳಗಿನ ಮೊದಲ ಸುತ್ತಿಗೆ ನಾನೇ ಹತ್ತಿದೆ.
ನಡುಗಂಬದ ಬಳಿ ಬಲ್ಬು ಮಂಕಾಯಿತು.
ಅಕ್ರೋಟಿನ ಹೆಂಗಸು ಮೊಮ್ಮಗನ ಗುಂಡಿ ಹಾಕುತ್ತಿದ್ದಳು,
ತಲೆಯೆತ್ತಲಿಲ್ಲ.
ನನ್ನ ಕೈ ಆಗಲೇ ತುರ್ತು ಹಿಡಿಕೆಯ ಮೇಲಿತ್ತು.
ತೆಗೆದು
ಜೇಬಿಗೆ ಹಾಕಿಕೊಂಡೆ.