ಅಂಗಾಲಿಗೊಂದು ಕನ್ನಡಿ

ಕಟಿಂಗ್ ಮುಗಿದ ಮ್ಯಾಲೆ ಗಿರಾಕಿಯ ಹಿಂದ
ಕನ್ನಡಿ ಹಿಡಿಯೂದು ನಮ್ಮ ಕಸುಬಿನ ಮರ್ಯಾದಿ.
ಯಾರೂ ಸರಿಯಾಗಿ ನೋಡೂದಿಲ್ಲ.
ಕುತ್ತಿಗಿ ಅರ್ಧ ತಿರುವಿ "ಹ್ಞೂಂ, ಸಾಕು" ಅಂತಾರ,
ರೊಕ್ಕ ಕೊಟ್ಟು ಇಳೀತಾರ.
ತಮ್ಮ ಹೆಡಕು ತಮಗ್ಯಾಕ ಬೇಕು?

ಆ ಕನ್ನಡಿ ಈಗ ರಾತ್ರಿ ನನ್ನ ಜೋಡಿ ಮನಿಗೆ ಬರತೈತಿ.
ನೀಲಗಂಗಮ್ಮ ಹೊರಸಿನ ಮ್ಯಾಲೆ ಕಾಲು ಚಾಚತಾಳ.
ನಾನು ಕೆಳಗ ಕುಂತು ಹಿಡೀತೀನಿ.

ಗಂಗಾವತಿ ಮಿಲ್ಲಿನ ಕಣದಾಗ
ಇಪ್ಪತ್ತೆರಡು ವರ್ಷ
ಕುದಿಸಿದ ಭತ್ತ ಕೆದರಿದ ಕಾಲು ಇದು.
ಸಿಮೆಂಟು ಕಾದು ಹಂಚಾಗಿರತಿತ್ತು.
ಸಾಲು ಎಳಕೋತ ಹೋಗತಿದ್ಲು, ತಿರುಗಿ ಬರತಿದ್ಲು.
ಬೆರಳ ಸಂದಿನಾಗ ಕಾಳು ಆಡಿಸಿ
"ಇನ್ನೊಂದು ತಾಸು" ಅಂದ್ರ ಇನ್ನೊಂದು ತಾಸು,
"ಗೂಡಿಸ್ರಿ" ಅಂದ್ರ ಗೂಡಿಸೂದು.
ಹಸಿ ಅಳಿಯೂ ಮೀಟರು ತಂದಿದ್ರು ಒಂದು ವರ್ಷ.
ಮೀಟರು ಸುಳ್ಳಾತು, ಅಂಗಾಲು ಖರೇ ಆತು.

ಆಮ್ಯಾಲ ಸಕ್ಕರಿ ಬ್ಯಾನಿ.
ಮೊದಲು ಇರುವಿ ಹರದಂಗ ಅಂದ್ಲು,
ಮುಂದ ಅರಳಿ ಮೆಟ್ಟಿದಂಗ.
ಕಡೀಕ ಏನೂ ಇಲ್ಲ.
"ಉರಿ ಹೋತು ನೋಡು" ಅಂತ ಇಬ್ರೂ ಖುಷಿ ಪಟ್ವಿ.
ಎಂಥಾ ಹುಚ್ಚರು.

ನಾನಂತೂ ಬಲೇ ಶಾಣ್ಯಾ.
ಆಣಿ ಎದ್ರ ಕತ್ತಿಲೆ ಹೆರದು ಕೊಡತಿದ್ದೆ.
ಊರ ಗಲ್ಲ ನುಣ್ಣಗ ಮಾಡಾಂವಗ
ಹೆಂಡತಿ ಹಿಮ್ಮಡ ಯಾವ ಲೆಕ್ಕ?

ಶ್ರಾವಣದ ಒಂದು ಸಂಜಿ
ಅಂಗಡಿ ಕಸ ಹೊಡದು ಆಕಿ ಹೋದ ಮ್ಯಾಲೆ
ಕೂದಲದ ನಡುವ ಕೆಂಪು ಬೊಟ್ಟು ಕಂಡ್ವು.
ಬಾಗಿಲ ತನಕ, ಕಟ್ಟಿ ಇಳದು, ಓಣಿ ಉದ್ದಕ್ಕೂ,
ನಮ್ಮ ಪಡಸಾಲಿ ತನಕ,
ಒಂದು ಹೆಜ್ಜಿ ಬಿಟ್ಟು ಒಂದು ಹೆಜ್ಜಿಗೆ.
ಆಕಿ ರೊಟ್ಟಿ ಬಡೀತಿದ್ಲು, ಏನೋ ಗುನುಗಕೋತ.
ಎಡಗಾಲು ಎತ್ತಿದೆ.
ಮುಂಜಾನೆ ನಾನ ಮುರಿದಿದ್ದ ಅರ್ಧ ಬ್ಲೇಡು
ಹೆಬ್ಬೆರಳ ಬುಡಕ,
ಅಂಚೆ ಡಬ್ಬಿಗೆ ಹಾಕಿದ ಕಾಗದದಂಗ.
"ಯಾಕ ಹಂಗ ನೋಡ್ತಿ?" ಅಂದ್ಲು.
ಕೈಯಾಗ ಹಿಟ್ಟು ಹಂಗ ಇತ್ತು.

ಕಾಲು ಬಾತು ಹೊಳಿಯಾಕತ್ತು.
ಬೆಳ್ಳಿ ಕಾಲುಂಗುರ ಇಕ್ಕಳಲೆ ಕತ್ತರಿಸಿದ್ರು ಕೊಪ್ಪಳದಾಗ.
ಐವತ್ತಾರು ದಿನ ಪಟ್ಟಿ.
ಬೆರಳು ಉಳೀತು.
ಉಂಗುರದ ಎರಡು ತುಂಡು ನನ್ನ ಪಟಕದ ಡಬ್ಬಿಯಾಗ ಅದಾವ,
ಕರ್ರಗಾಗಿ.

ಸಿಸ್ಟರ್ ಖಮರುನ್ನೀಸಾ ನೈಲಾನ್ ಎಳಿ ತಗೊಂಡು
"ಕಣ್ಣು ಮುಚ್ಚರಿ, ಮುಟ್ಟಿದಾಗ ಹ್ಞೂಂ ಅನ್ರಿ" ಅಂದ್ರು.
ಹತ್ತು ಕಡೆ ಮುಟ್ಟಿದ್ರು. ಮೂರು ಹ್ಞೂಂ ಬಂದ್ವು.
ಮುಟ್ಟದಿದ್ದಾಗೂ ಒಂದು ಹ್ಞೂಂ ಅಂದ್ಲು.
ಪಾಸ್ ಆಗಬೇಕಲ್ಲ!
ನನ್ನ ಕಡೆ ತಿರುಗಿ ಸಿಸ್ಟರ್ ನಗಲಿಲ್ಲ.
"ನಿಮ್ಮ ಕತ್ತಿ ಅಂಗಡ್ಯಾಗ ಇರಲಿ.
ಆಣಿಗೆ ನಾವಿದ್ದೀವಿ."

ಹಂಗಾಗಿ ಈಗ ನೀರಿನ ಬಿಸಿ ನೋಡೂದು ನನ್ನ ಮೊಣಕೈ.
ಬೆರಳ ಸಂದಿ ಒರಸೂದು ಅಂಗಡಿಯ ಮೆತ್ತನ್ನ ಟವೆಲ್ಲು.
ಎಣ್ಣಿ ಹಿಮ್ಮಡಕ್ಕ ಮಾತ್ರ, ಸಂದಿಗಿಲ್ಲ.
ಉಗುರು ನೆಟ್ಟಗ ತಗೀತೀನಿ, ಮೂಲಿ ಕೆದಕೂದಿಲ್ಲ,
ಇಷ್ಟು ಅಂಜಿ ಯಾವ ಮದುಮಗನ ಮೀಸಿನೂ ತಿದ್ದಿಲ್ಲ.
ಮನಿ ಒಳಗೂ ಚಪ್ಪಲಿ.
ದೇವರ ಜಗಲಿ ಮುಂದ ಮೊದಲ ದಿನ ನಿಂತು ಅತ್ಲು,
ಎರಡನೇ ದಿನ ಮೆಟ್ಟಿಕೊಂಡ ದೀಪ ಹಚ್ಚಿದ್ಲು.
ದೀಪ ಉರೀತು, ಎಂದಿನಂಗ.

ಮಿಲ್ಲಿನಾಗ ಚೀಲದ ಮ್ಯಾಲೆ ಕುಂಡ್ರತಾಳ ಈಗ.
ಹುಡುಗಿಯರು ಮುಷ್ಟಿ ತಂದು ಒಡ್ಡತಾವ,
ಕಾಳು ಹಲ್ಲಿಗಿಟ್ಟು ಕಟಕ್ ಅನಿಸಿ ಹೇಳತಾಳ.
ಹಲ್ಲು ಎಷ್ಟು ವರ್ಷ ಅಂತ ಕೇಳಬ್ಯಾಡ್ರಿ.

ಕರೆಂಟು ಹೋದ್ರ ಮೊಬೈಲ್ ಬೆಳಕು.
"ಏನೈತಿ?"
"ಏನೂ ಇಲ್ಲ."
"ಸರಿಯಾಗಿ ನೋಡು."
ಗಿರಾಕಿಯಂಗ ಸಾಕು ಅನ್ನೂದಿಲ್ಲ ಈಕಿ.
ಏನೂ ಇಲ್ಲ ಅನ್ನೂದನ್ನ ದಿನಾ ಹೊಸದಾಗಿ ಹುಡುಕಬೇಕು,
ಇವತ್ತಿಂದು ನಾಳಿಗೆ ಬರೂದಿಲ್ಲ.

ಬಲಗಾಲಿನಾಗ ಯಾರೂ ಇಲ್ಲ.
ಎಡಗಾಲಿನ ಕುಳಿಯಾಗ, ಹಿಮ್ಮಡಕ್ಕಿಂತ ಎರಡು ಬೆರಳು ಮುಂದ,
ನಾಲ್ಕಾಣೆ ಅಗಲದ ಒಂದು ಜಾಗ ಐತಿ,
ಸಿಸ್ಟರ್ ಎಳಿಗೆ ಸಿಗದ ಜಾಗ.
ಎಲ್ಲಾ ನೋಡಿ ಮುಗಿದ ಮ್ಯಾಲೆ ಅಲ್ಲಿ ಬೆರಳಾಡಸ್ತೀನಿ.
"ಬಿಡೋ ಮಾರಾಯ" ಅಂತ ಕಾಲು ಎಳಕೋತಾಳ,
ಮದುವಿ ಹೊಸದಾಗಿ ಎಳಕೊಂಡಂಗ.